ಹರಿಹರದ ಮರಳಿನಲ್ಲಿ ಇಳಿದ ಡಕೋಟಾ

ತಾರಸಿಯ ಮೇಲೆ ವಿಮಾನ ತಲೆಕೆಳಗಾಗಿ ತೂಗುತ್ತಿತ್ತು. ಹೊಟ್ಟೆ ಆಕಾಶಕ್ಕೆ, ಬೆನ್ನು ನೆಲಕ್ಕೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಿಂತ ಹುಡುಗನೊಬ್ಬ ಬಿದಿರ ಗಳ ಚಾಚಿ ಹಿಡಿದಿದ್ದ. ಗಳದ ತುದಿಯಿಂದ ಮೀನು ಹಿಡಿಯುವ ನೈಲಾನ್ ದಾರದ ನಾಲ್ಕು ಎಳೆ ಇಳಿಬಿದ್ದಿದ್ದವು. ಇನ್ನೊಬ್ಬ ಮೊಬೈಲನ್ನು ತಲೆಕೆಳಗು ಹಿಡಿದು ಮೊಣಕಾಲೂರಿ ಕೂತಿದ್ದ. ದಾವಣಗೆರೆಯ ವಿನೋಬನಗರದಲ್ಲಿ ಮಾರ್ಚ್ ತಿಂಗಳ ಬೆಳಗಿನ ಏಳು ಗಂಟೆ. ಓಣಿಯಲ್ಲಿ ಹಾಲಿನವನ ಬೈಕು ನಿಂತು ನಿಂತು ಹೋಗುತ್ತಿತ್ತು. ಬಿಸಿಲು ಇನ್ನೂ ಮನೆಗಳ ಗೋಡೆ ಹಿಡಿದು ಅಡ್ಡಡ್ಡ ಬರುತ್ತಿತ್ತು.

"ದೊಡ್ಡಪ್ಪಾ, ಸ್ವಲ್ಪ ಆ ಕಡೆ ನಿಂದರ್ರಿ. ನಿಮ್ಮ ನೆರಳು ರೆಕ್ಕೆ ಮ್ಯಾಲೆ ಬೀಳ್ತೈತಿ" ಎಂದಳು ನನ್ನ ತಮ್ಮನ ಮಗಳು. ಈ ಕಿರುಚಿತ್ರದ ಕಥೆ ಅವಳದು, ನಿರ್ದೇಶನವೂ ಅವಳದೇ. ನಾನು ಸರಿದು ನಿಂತೆ.

ವಿಮಾನವನ್ನು ಯಾಕೆ ಮಗುಚಿ ಹಾಕಿದ್ದಾರೆ ಎನ್ನುವುದು ನನಗೆ ತಿಳಿದದ್ದು ಆಮೇಲೆ. ನೋಡುವವನಿಗೆ ಒಂದು ಸಣ್ಣ ಅನುಮಾನ ಬಂದರೂ ಸಾಕು, ಅವನ ಕಣ್ಣು ದಾರ ಹುಡುಕಿಕೊಂಡು ವಿಮಾನದ ಮೇಲಕ್ಕೆ ಹೋಗುತ್ತದೆ. ಕೆಳಗಡೆ ಯಾರೂ ಹುಡುಕುವುದಿಲ್ಲ. ಮಾದರಿಯನ್ನೂ ಕ್ಯಾಮೆರಾವನ್ನೂ ಒಟ್ಟಿಗೆ ಮಗುಚಿದರೆ, ಚಿತ್ರದಲ್ಲಿ ವಿಮಾನ ನೆಟ್ಟಗಾಗುತ್ತದೆ, ದಾರ ಹೊಟ್ಟೆಯ ಕೆಳಗೆ ಹೋಗಿ ಕಣ್ಮರೆಯಾಗುತ್ತದೆ. ಇದು ಸ್ಟುಡಿಯೋದವರ ಹಳೆಯ ಉಪಾಯ. ಆದರೆ ಸ್ಟುಡಿಯೋದ ದೀಪ ಹೇಳಿದ ಕಡೆ ತಿರುಗುತ್ತದೆ, ಸೂರ್ಯ ತಿರುಗುವುದಿಲ್ಲ. ಮೊದಲ ದಿನ ಇವರು ನಡುಮಧ್ಯಾಹ್ನ ಶೂಟ್ ಮಾಡಿ, ಚಿತ್ರ ನೆಟ್ಟಗೆ ಮಾಡಿ ನೋಡಿದರೆ ಬಿಸಿಲು ಭೂಮಿಯಿಂದ ಮೇಲಕ್ಕೆ ಬಂದು ವಿಮಾನದ ಹೊಟ್ಟೆಯನ್ನು ಬೆಳಗುತ್ತಿತ್ತು. ಅಂದಿನಿಂದ ಬಿಸಿಲು ಪಕ್ಕದಿಂದ ಬರುವ ಹೊತ್ತಿಗೇ ಕೆಲಸ. ಬೆಳಿಗ್ಗೆ ಏಳರಿಂದ ಏಳೂಮುಕ್ಕಾಲು. ಅಷ್ಟರೊಳಗೆ ಆದರೆ ಆಯಿತು.

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಇಲ್ಲಿನ ಮಕ್ಕಳಿಗೆ ವಿಮಾನವೆಂದರೆ ಬಹಳ ಎತ್ತರದಲ್ಲಿ ಸುಣ್ಣದ ಗೆರೆ ಎಳೆದುಕೊಂಡು ಹೋಗುವ ಚುಕ್ಕೆ. ಚುನಾವಣೆ ಬಂದಾಗ ಹೆಲಿಕಾಪ್ಟರ್ ಇಳಿಯುತ್ತದೆ, ಮೈದಾನದ ಧೂಳೆಲ್ಲ ಎದ್ದು ಊರೇ ಓಡುತ್ತದೆ. 2023ರಲ್ಲಿ ಶಿವಮೊಗ್ಗಕ್ಕೆ ನಿಲ್ದಾಣ ಬಂತು, ಹುಬ್ಬಳ್ಳಿಯಲ್ಲಿ ಮೊದಲಿಂದಲೂ ಇದೆ. ನಡುವೆ ಕೂತ ನಮ್ಮೂರಿನ ಹುಡುಗರಿಗೆ ಕಥೆಯಲ್ಲಿ ವಿಮಾನ ಬೇಕೆಂದರೆ ಅದನ್ನು ಕಟ್ಟಿಕೊಳ್ಳುವುದೊಂದೇ ದಾರಿ.

ಅವಳ ಕಥೆ ಹೀಗಿದೆ. 1949ರಲ್ಲಿ ನಮ್ಮ ದೇಶದಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ಮುಂಬಯಿ, ಕಲ್ಕತ್ತ, ದಿಲ್ಲಿ, ಮದ್ರಾಸುಗಳಿಂದ ರಾತ್ರಿ ಹೊರಟ ವಿಮಾನಗಳು ನಾಗಪುರದಲ್ಲಿ ಸೇರಿ, ಟಪಾಲು ಚೀಲ ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಅದು ನಿಜವಾದ ಚರಿತ್ರೆ. ಅಂಥದ್ದೇ ಒಂದು ಟಪಾಲು ವಿಮಾನ ದಾರಿ ತಪ್ಪಿ, ಎಂಜಿನ್ ಕೆಟ್ಟು, ಬೇಸಿಗೆಯ ಬೆಳಗಿನಲ್ಲಿ ಹರಿಹರದ ತುಂಗಭದ್ರೆಯ ಮರಳ ದಿಬ್ಬದ ಮೇಲೆ ಹೊಟ್ಟೆ ಊರಿ ಇಳಿಯುತ್ತದೆ, ಬಟ್ಟೆ ಒಗೆಯಲು ಬಂದವರು, ಕುರಿ ಕಾಯುವವರು ಚೀಲಗಳನ್ನು ಹೊತ್ತು ದಡ ಸೇರಿಸುತ್ತಾರೆ ಎನ್ನುವುದು ಅವಳ ಕಲ್ಪನೆ. ಇಂಥದ್ದು ಹರಿಹರದಲ್ಲಿ ನಡೆದಿಲ್ಲ. ಹನ್ನೊಂದು ನಿಮಿಷದ ಚಿತ್ರ. ಅದರಲ್ಲಿ ವಿಮಾನ ಕಾಣುವುದು ಒಂದು ನಿಮಿಷವೂ ಇಲ್ಲ. ಆ ಒಂದು ನಿಮಿಷಕ್ಕೆ ಇವರು ನಾಲ್ಕು ತಿಂಗಳು ದುಡಿದಿದ್ದಾರೆ.

ವಿಮಾನ ಡಕೋಟಾ. ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ–3, ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಹತ್ತು ಸಾವಿರ ದಾಟಿ ತಯಾರಾದವು. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ಸೈನ್ಯದ ವಿಮಾನಗಳ ರಿಪೇರಿ ಡಿಪೋ ಆಗಿತ್ತು, ಡಕೋಟಾಗಳೂ ಅಲ್ಲಿಗೆ ಬರುತ್ತಿದ್ದವು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಡಕೋಟಾಗಳೇ. ರೆಕ್ಕೆಯ ತುದಿಯಿಂದ ತುದಿಗೆ 29 ಮೀಟರ್, ಉದ್ದ 19 ಮೀಟರಿಗೂ ಹೆಚ್ಚು, ತುಂಬಿದ ತೂಕ ಹತ್ತಿರ ಹತ್ತಿರ ಹನ್ನೊಂದೂವರೆ ಟನ್ನು. ಇವರ ಮಾದರಿ ಇಪ್ಪತ್ತನಾಲ್ಕನೇ ಒಂದು ಪಾಲು. ಅಂದರೆ ರೆಕ್ಕೆ 1.2 ಮೀಟರ್, ಉದ್ದ 82 ಸೆಂ.ಮೀ. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ತುಂಡುಗಳು, ಒಳಗೆ ಥರ್ಮಾಕೋಲ್, ಬಿದಿರ ಕಡ್ಡಿ, ಫೆವಿಕಾಲ್, ಎಂ–ಸೀಲ್. ತಂಡದಲ್ಲಿ ಒಬ್ಬನ ತಂದೆಯದು ಫ್ಲೆಕ್ಸ್ ಮುದ್ರಿಸುವ ಅಂಗಡಿ, ಹಾಗಾಗಿ ಬೋರ್ಡಿಗೆ ದುಡ್ಡು ಬೀಳಲಿಲ್ಲ.

ಇವರ ಬಾಯಲ್ಲಿ ಸದಾ ಇರುವ ಮಾತು ಒಂದೇ: "ತೂಕ." ಶಾಟ್ ಮುಗಿದ ಕೂಡಲೇ ಮೂವರೂ ಮೊಬೈಲಿಗೆ ಮುಖ ಹಚ್ಚುತ್ತಾರೆ. "ತೂಕ ಬಂತೇನ್ಲೇ?" "ಇಲ್ಲ, ಹಗುರ ಆತು." ಮತ್ತೆ ಮೊದಲಿಂದ. ತಕ್ಕಡಿಗೆ ಹಾಕಿದರೆ ಮಾದರಿ ಒಂದು ಕಿಲೋ ಕೂಡ ಇಲ್ಲ. ಪರದೆಯ ಮೇಲೆ ಅದಕ್ಕೆ ಹನ್ನೊಂದು ಟನ್ನಿನ ಭಾರ ಬರಬೇಕು. ಆ ಭಾರ ಬಣ್ಣದಿಂದ ಬರುವುದಿಲ್ಲ, ಆಕಾರದ ನಿಖರತೆಯಿಂದಲೂ ಪೂರ್ತಿ ಬರುವುದಿಲ್ಲ. ಅದು ಬರುವುದು ಕಾಲದಿಂದ.

ಅವಳ ನೋಟ್‌ಬುಕ್ಕಿನಲ್ಲಿ ಇದರ ಲೆಕ್ಕವಿದೆ. ಪಿಯುಸಿಯಲ್ಲಿ ಓದಿದ ಬೀಳುವ ವಸ್ತುವಿನ ಸೂತ್ರ ಅಷ್ಟೇ. ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು 0.45 ಸೆಕೆಂಡ್ ಬೇಕು. ಇಪ್ಪತ್ತನಾಲ್ಕು ಮೀಟರಿನಿಂದ ಬಿಟ್ಟರೆ 2.2 ಸೆಕೆಂಡ್. ಎತ್ತರ ಇಪ್ಪತ್ತನಾಲ್ಕು ಪಟ್ಟು ಆದರೂ ಹೊತ್ತು ಅಷ್ಟು ಪಟ್ಟು ಆಗುವುದಿಲ್ಲ, ಇಪ್ಪತ್ತನಾಲ್ಕರ ವರ್ಗಮೂಲದಷ್ಟು, ಅಂದರೆ 4.9 ಪಟ್ಟು ಮಾತ್ರ. ಸಣ್ಣ ವಸ್ತು ಸಣ್ಣ ಹೊತ್ತಿನಲ್ಲಿ ಬೀಳುತ್ತದೆ, ಬೇಗ ಅಲುಗುತ್ತದೆ, ಬೇಗ ನಿಲ್ಲುತ್ತದೆ. ಕಣ್ಣಿಗೆ ಸೂತ್ರ ಗೊತ್ತಿಲ್ಲದಿದ್ದರೂ ಈ ಆತುರ ಗೊತ್ತಾಗಿಬಿಡುತ್ತದೆ. ಅದಕ್ಕೇ ಆಟಿಕೆ ಆಟಿಕೆಯಾಗಿಯೇ ಕಾಣುವುದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಅದನ್ನು 4.9ರಿಂದ ಗುಣಿಸಿದರೆ 118. ಸಾಮಾನ್ಯ ಮೊಬೈಲಿನ ಸ್ಲೋ ಮೋಷನ್ 120. "ನೋಡ್ರಿ ದೊಡ್ಡಪ್ಪಾ, ಫೋನೇ ಹೇಳಿಕೊಟ್ಟಂಗೆ ಐತಿ, ಇಪ್ಪತ್ತನಾಲ್ಕನೇ ಪಾಲಿಂದೇ ಮಾಡ್ರಿ ಅಂತ" ಎಂದು ಅವಳು ಆ ಎರಡು ಅಂಕಿಗಳ ಕೆಳಗೆ ಎಳೆದಿದ್ದ ಗೆರೆ ತೋರಿಸಿದಳು. ಎಪ್ಪತ್ತೆರಡನೇ ಪಾಲಿನ ಅಂಗಡಿ ಕಿಟ್ ತಂದಿದ್ದರೆ ಸೆಕೆಂಡಿಗೆ ಇನ್ನೂರಕ್ಕೂ ಮೀರಿ ಚೌಕಟ್ಟು ಬೇಕಾಗುತ್ತಿತ್ತು.

120 ಚೌಕಟ್ಟು ಅಂದರೆ ಪ್ರತಿ ಚೌಕಟ್ಟಿಗೂ ಬೆಳಕು ಸಿಗುವುದು ಕಣ್ಣೆವೆ ಹಾಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಮೊದಲು ಇವರು ರೂಮಿನೊಳಗೆ ನೀಲಿ ಬಟ್ಟೆ ಕಟ್ಟಿ, ಟ್ಯೂಬ್‌ಲೈಟು, ಎಲ್‌ಇಡಿ ಎಲ್ಲ ಸೇರಿಸಿ ಪ್ರಯತ್ನಿಸಿದರಂತೆ. ಚಿತ್ರದಲ್ಲಿ ಬೆಳಕು ಪಟ್ಟೆ ಪಟ್ಟೆಯಾಗಿ ಉಸಿರಾಡುತ್ತಿತ್ತು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಆವರ್ತ, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯದ ಆ ಮಿನುಗು 120 ಚೌಕಟ್ಟಿನ ಕ್ಯಾಮೆರಾಕ್ಕೆ ತಿಳಿಯುತ್ತದೆ. ಮಿನುಗದ ದೀಪ, ದುಡ್ಡು ಕೇಳದ ದೀಪ, ಬೇಕಾದಷ್ಟು ಬೆಳಕು ಕೊಡುವ ದೀಪ ದಾವಣಗೆರೆಯಲ್ಲಿ ಒಂದೇ. ಅದು ದಿನಾ ಮೂಡುತ್ತದೆ.

ಬಡತನದ ಉಪಾಯ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಹಾಲಿವುಡ್ಡಿನ ರಿಪಬ್ಲಿಕ್ ಪಿಕ್ಚರ್ಸ್ ಎಂಬ ಸಣ್ಣ ಬಂಡವಾಳದ ಕಂಪನಿಯಲ್ಲಿ ಹೊವಾರ್ಡ್ ಮತ್ತು ಥಿಯೋಡೋರ್ ಲೈಡೆಕರ್ ಎಂಬ ಅಣ್ಣತಮ್ಮಂದಿರಿದ್ದರು. ದೊಡ್ಡ ಸ್ಟುಡಿಯೋಗಳು ಒಳಾಂಗಣದಲ್ಲಿ ದೀಪ ಹಚ್ಚಿ ಮಾದರಿ ಹಾರಿಸುತ್ತಿದ್ದಾಗ ಇವರು ತಮ್ಮ ಮಾದರಿಗಳನ್ನು ಹೊರಗೆ, ನಿಜವಾದ ಬಿಸಿಲಲ್ಲಿ, ನಿಜವಾದ ಆಕಾಶ ಮತ್ತು ಗುಡ್ಡಗಳ ಎದುರು ತಂತಿಯ ಮೇಲೆ ಓಡಿಸಿದರು. 1942ರ 'ಫ್ಲೈಯಿಂಗ್ ಟೈಗರ್ಸ್' ಚಿತ್ರದ ಪರಿಣಾಮಗಳಿಗೆ ಆಸ್ಕರ್ ನಾಮನಿರ್ದೇಶನವೂ ಬಂತು. ಅದೇ ವರ್ಷ ಜಪಾನಿನಲ್ಲಿ ಎಯ್ಜಿ ತ್ಸುಬುರಾಯ ಪರ್ಲ್ ಹಾರ್ಬರನ್ನೇ ಮಾದರಿಯಲ್ಲಿ ಕಟ್ಟಿ ವಿಮಾನ ದಾಳಿ ಚಿತ್ರಿಸಿದ. ಹನ್ನೆರಡು ವರ್ಷದ ನಂತರ ಗಾಡ್ಜಿಲ್ಲಾಗೆ ನಗರ ಕಟ್ಟಿದವನೂ ಅವನೇ. ಕಂಪ್ಯೂಟರ್ ಎಲ್ಲವನ್ನೂ ಬರೆಯಬಲ್ಲ ಈ ಕಾಲದಲ್ಲೂ 2004ರ 'ದಿ ಏವಿಯೇಟರ್', 2017ರ 'ಡನ್ಕರ್ಕ್' ದೊಡ್ಡ ಮಾದರಿಗಳನ್ನು ರೇಡಿಯೋ ನಿಯಂತ್ರಣದಲ್ಲಿ ಹಾರಿಸಿದವು. ಬಿಸಿಲು ಲೋಹದ ಮೇಲೆ ಹೇಗೆ ಜಾರುತ್ತದೆ ಎನ್ನುವುದನ್ನು ಬಿಸಿಲಿಗೇ ಬಿಟ್ಟರೆ ಅದು ತಪ್ಪು ಮಾಡುವುದಿಲ್ಲ. ಇವರ ತಂಡದ ಹುಡುಗನೊಬ್ಬನಿಗೆ ಕಂಪ್ಯೂಟರಿನಲ್ಲಿ ವಿಮಾನ ಬರೆಯಲು ಚೆನ್ನಾಗಿ ಬರುತ್ತದೆ. ಆದರೂ ಮಾದರಿಯೇ ಆಗಲಿ ಎಂದು ಹಟ ಹಿಡಿದವನು ಅವನೇ. ನನಗೆ ಆ ಹಟ ಸರಿಯೆನಿಸಿತು.

ಬಣ್ಣದ ಕೆಲಸ ಮಾಡಿಕೊಟ್ಟವರು ಹಿಂದೆ ಅಂಗಡಿ ಬೋರ್ಡು ಬರೆಯುತ್ತಿದ್ದ ಹಿರಿಯರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಿಮೆಯಾಯಿತು. ಫ್ಲೆಕ್ಸ್ ಅಂಗಡಿಯ ಹುಡುಗನೇ ಅವರನ್ನು ಹುಡುಕಿ ಕರೆತಂದ. ಅವರು ಮೊದಲು ಮಾಡಿದ ಕೆಲಸವೆಂದರೆ ಹುಡುಗರು ಬಳಿದಿದ್ದ ಹೊಳೆಯುವ ಬೆಳ್ಳಿ ಬಣ್ಣದ ಮೇಲೆ ತೆಳುವಾಗಿ ಬೂದು ಎಳೆದದ್ದು. ದೂರದ ಗುಡ್ಡ ಹೇಗೆ ಮಾಸಿ ಕಾಣುತ್ತದೋ ಹಾಗೆ ದೊಡ್ಡ ವಸ್ತು ದೂರ ನಿಂತಾಗ ನಡುವಿನ ಗಾಳಿ ಅದರ ಬಣ್ಣ ತಿನ್ನುತ್ತದೆ, ಮಾದರಿಗೆ ಆ ಗಾಳಿಯನ್ನೂ ಕುಂಚದಲ್ಲೇ ಬಳಿಯಬೇಕು. ಎಂಜಿನ್ನಿನ ಹಿಂದೆ ರೆಕ್ಕೆಯ ಮೇಲೆ ಎಣ್ಣೆ ಹರಿದ ಗುರುತಿಗೆ ಹುಡುಗರು ಕಪ್ಪು ಕಲಸಿದ್ದರು. ಹಿರಿಯರು ಅದನ್ನು ಒರೆಸಿ, ಕಾವಿಗೆ ಒಂದಿಷ್ಟು ಮಸಿ ಬೆರೆಸಿ, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದರು. ಗಾಳಿ ಹೋದ ದಿಕ್ಕಿಗೆ ಎಣ್ಣೆ ಹೋಗಿತ್ತು.

ಮೋಡಕ್ಕೆ ಮಾತ್ರ ದಾವಣಗೆರೆಯೇ ಆಗಬೇಕು. ಹತ್ತಿ ಗಿರಣಿಗಳಿಂದ ಹೆಸರಾದ ಊರಿದು. ಗಿರಣಿಗಳ ಸದ್ದು ಅಡಗಿ ಎಷ್ಟೋ ವರ್ಷವಾದರೂ ಗಾದಿ ಹೊಲಿಯುವವರ ಅಂಗಡಿಗಳಲ್ಲಿ ಅರಳೆ ಇದೆ, ಅದನ್ನು ಹಿಂಜುವ ಕೈಗಳಿವೆ. ಅಂಥ ಒಂದು ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಮೋಡ ಮಾಡಬೇಕು ಎಂದಾಗ ಅಂಗಡಿಯಾತ ಒಂದೂ ಪ್ರಶ್ನೆ ಕೇಳಲಿಲ್ಲ. ಒಂದು ಹಿಡಿ ಅರಳೆ ತೆಗೆದುಕೊಂಡು ಎರಡೂ ಕೈಯ ಬೆರಳ ತುದಿಯಲ್ಲಿ ಎಳೆಯತೊಡಗಿದ. ಮೊದಲು ಗಂಟು ಬಿಟ್ಟಿತು, ಆಮೇಲೆ ಅಂಚು ತೆಳುವಾಯಿತು, ಕೊನೆಗೆ ಅಂಚು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಕಾಣದ ಹಾಗಾಯಿತು. "ನಡುಕ ದಪ್ಪ ಬಿಡ್ರಿ, ಸುತ್ತ ಹಿಂಜ್ರಿ. ಮಳಿ ಮೋಡ ಹಂಗೇ ಇರ್ತೈತಿ" ಎಂದ. ಆ ಅರಳೆಯನ್ನು ಗಾಜಿನ ಹಲಗೆಯ ಮೇಲೆ ಹರಡಿ, ಗಾಜಿನಾಚೆ ವಿಮಾನ, ಈಚೆ ಕ್ಯಾಮೆರಾ ಇಟ್ಟು, ಗಾಜನ್ನು ಮೆಲ್ಲಗೆ ಸರಿಸಿದರೆ ಡಕೋಟಾ ಮೋಡದೊಳಗೆ ಹೊಕ್ಕು ಹೊರಬರುತ್ತದೆ. ರಾತ್ರಿಯ ದೃಶ್ಯಕ್ಕೆ ರೂಮಿನ ಕಿಟಕಿ ಮುಚ್ಚಿ ಧೂಪ ಹಾಕಿ, ಹೊಗೆ ಸಮನಾಗಿ ಹರಡುವವರೆಗೆ ಕಾದರು. ಆ ಮಬ್ಬಿನಲ್ಲಿ ಐದಡಿ ದೂರ ನೂರು ಅಡಿಯಾಗುತ್ತದೆ.

ಹತ್ತಿ, ಥರ್ಮಾಕೋಲ್, ಕೆಂಡ ಮೂರೂ ಒಂದೇ ಕೋಣೆಯಲ್ಲಿ. ಇಲ್ಲಿ ನಾನು ದೊಡ್ಡವನಾಗಿ ಒಂದು ಮಾತು ಹೇಳಲೇಬೇಕಾಯಿತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ತೀರಿಹೋದರು. ನಮ್ಮ ತಲೆಮಾರಿನವರಿಗೆ ಆ ದಿನದ ಪತ್ರಿಕೆ ನೆನಪಿದೆ, ಈ ಮಕ್ಕಳು ಆಗ ಹುಟ್ಟಿರಲಿಲ್ಲ. ಹೇಳಿದಾಗ ಮೂವರೂ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಧೂಪದ ಕೆಂಡ ಹೊರಗಿನ ಬಚ್ಚಲಿಗೆ ಹೋಯಿತು, ಹೊಗೆ ಮಾತ್ರ ರಟ್ಟಿನ ಕೊಳವೆಯಲ್ಲಿ ಒಳಗೆ ಬಂತು. ಬಾಗಿಲ ಬಳಿ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಬಂದು ಕೂತವು. ಕಥೆಯಲ್ಲಿ ವಿಮಾನಕ್ಕೆ ಬೆಂಕಿ ಹತ್ತುವ ದೃಶ್ಯವೊಂದಿತ್ತು, ಅದನ್ನು ಅವಳು ತೆಗೆದೇ ಹಾಕಿದಳು. ಅದರಿಂದ ಕಥೆಗೂ ಒಳ್ಳೆಯದೇ ಆಯಿತು. ಬೆಂಕಿಯ ನಾಲಗೆಗಾಗಲಿ ನೀರಿನ ಹನಿಗಾಗಲಿ ಇಪ್ಪತ್ತನಾಲ್ಕನೇ ಪಾಲು ಎಂಬುದಿಲ್ಲ, ಅವು ಎಲ್ಲಿದ್ದರೂ ತಮ್ಮ ಅಳತೆಯಲ್ಲೇ ಇರುತ್ತವೆ, ಮಾದರಿಯ ಗುಟ್ಟನ್ನು ಒಡೆಯುತ್ತವೆ.

ಸಣ್ಣದರಲ್ಲಿ ದೊಡ್ಡದನ್ನು ತೋರಿಸುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಕಂಪನಿ ನಾಟಕದ ಪರದೆ ಬರೆಯುವವರು ಹತ್ತಡಿ ಆಳದ ರಂಗದಲ್ಲಿ ಅರ್ಧ ಮೈಲಿಯ ರಾಜಬೀದಿ ತೋರಿಸುತ್ತಿದ್ದರು. ಸಿನಿಮಾಕ್ಕೆ ಬಂದರೆ 1957ರ 'ಮಾಯಾಬಜಾರ್'. ಮದ್ರಾಸಿನ ವಾಹಿನಿ ಸ್ಟುಡಿಯೋದಲ್ಲಿ ಐವತ್ತು ಅಡಿಗೆ ಅರವತ್ತು ಅಡಿ ಜಾಗದಲ್ಲಿ ಸುಮಾರು ಮುನ್ನೂರು ಪುಟ್ಟ ಮನೆ ಕಟ್ಟಿ, ಒಳಗೆಲ್ಲ ದೀಪ ಇಟ್ಟು ದ್ವಾರಕೆ ಮಾಡಿದರು. ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿಯದು. ಇನ್ನು ಮಹಾರಾಷ್ಟ್ರದ ಮಾಲೆಗಾಂವ್. ಅದೂ ಮಗ್ಗದ ಊರು. ಅಲ್ಲಿ ಶೇಖ್ ನಾಸಿರ್ ಎಂಬುವರು ಮಗ್ಗದ ಕೆಲಸಗಾರನನ್ನೇ ಸೂಪರ್‌ಮ್ಯಾನ್ ಮಾಡಿ ಹಾರಿಸಿದ ಕಥೆಯನ್ನು ಫೈಜಾ ಅಹ್ಮದ್ ಖಾನ್ ಸಾಕ್ಷ್ಯಚಿತ್ರ ಮಾಡಿದ್ದಾರೆ. ಇವಳು ಅದನ್ನು ನೋಡಿದ್ದಾಳೆ. "ಅವರೂ ನಮ್ಮಂಥೋರೇ" ಎಂದಷ್ಟೇ ಹೇಳಿದಳು.

ಹರಿಹರ ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ಊರಿನ ಒಂದು ತುದಿಗೆ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ, ಅಲ್ಲಿಂದ ಸ್ವಲ್ಪ ನಡೆದರೆ ಹೊಳೆ. ಇನ್ನೊಂದು ನೆನಪು ಈ ಊರಿನ ಪ್ರತಿ ಓಣಿಯಲ್ಲೂ ಇದೆ. ಅದು 1941ರಲ್ಲಿ ಶುರುವಾಗಿ, ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್. ಕಾರ್ಖಾನೆ ಮುಚ್ಚಿದೆ. ಅಲ್ಲಿ ಪಳಗಿದ ಕೈಗಳು ಇನ್ನೂ ಇವೆ.

ನಾವು ಹುಡುಕಿಕೊಂಡು ಹೋದ ಅಜ್ಜ ಅಂಥವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತ್, ಅದರ ಹಾಸಿನ ಮೇಲೆ ಎಣ್ಣೆ ಹಚ್ಚಿದ ಬಟ್ಟೆ ಹೊದಿಸಿದೆ. ಡಕೋಟಾದ ಎಂಜಿನ್ನಿಗೆ ಮುಂದೆ ಗುಂಡನೆಯ ಒಂದು ಕವಚವಿರುತ್ತದೆ. ಇಪ್ಪತ್ತನಾಲ್ಕನೇ ಪಾಲಿಗೆ ಅದು ಸುಮಾರು ಐದೂವರೆ ಸೆಂಟಿಮೀಟರ್ ಅಡ್ಡಳತೆಯ ಬಳೆ. ಹುಡುಗರು ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿ ಸೋತಿದ್ದರು. ಬಿಸಿಲು ಬಿದ್ದ ಕೂಡಲೇ ಡಬ್ಬಿ ಡಬ್ಬಿಯಾಗಿಯೇ ಕಾಣುತ್ತಿತ್ತು. ಅಲ್ಯೂಮಿನಿಯಮ್ ಆದರೆ ಮೂಗು ಭಾರವಾಗಿ ಮಾದರಿ ಮುಗ್ಗರಿಸುತ್ತದೆ.

ಅಜ್ಜ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಗೋಡಿ ಎಷ್ಟು ದಪ್ಪ ಬೇಕು?"

"ಎಷ್ಟು ತೆಳು ಆಗ್ತೈತೋ ಅಷ್ಟು ಅಜ್ಜಾ."

"ಅಷ್ಟು ಇಷ್ಟು ಅನ್ನಬಾರದವ್ವಾ. ಥೌ ಹೇಳು."

ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಹರಿಹರದ ಲೇತ್ ಕೆಲಸಗಾರರು ಸಂತೆಯಲ್ಲಿ ಮೆಣಸಿನಕಾಯಿ ಅಳೆಯುವಷ್ಟು ಸಲೀಸಾಗಿ ಆಡುವ ಮಾತು. ಕೊನೆಗೆ ಇಪ್ಪತ್ತು ಥೌ ಎಂದು ಗೊತ್ತಾಯಿತು, ಅರ್ಧ ಮಿಲಿಮೀಟರ್. ಅಲ್ಯೂಮಿನಿಯಮ್ ದಿಂಡನ್ನು ಚಕ್ಕಿಗೆ ಕಚ್ಚಿಸಿ ಒಳಗೆಲ್ಲ ಕೊರೆದು, ಆಮೇಲೆ ಅವರು ಲೇತ್ ನಿಲ್ಲಿಸಿದರು. ಒಂದು ಮರದ ತುಂಡನ್ನು ಅದೇ ಅಳತೆಗೆ ತಿರುವಿ ಒಳಗೆ ಬಿಗಿಯಾಗಿ ತುಂಬಿದರು. ಗೋಡೆ ತೆಳುವಾದ ಹಾಗೆ ಉಳಿ ತಾಗಿದರೆ ಲೋಹ ಜಾಗಟೆಯ ಹಾಗೆ ನಡುಗುತ್ತದೆ, ಮೈಮೇಲೆ ಅಲೆ ಬೀಳುತ್ತದೆ. ಒಳಗಿನ ಮರ ಆ ನಡುಕವನ್ನು ಕುಡಿಯುತ್ತದೆ. ಮತ್ತೆ ಲೇತ್ ತಿರುಗಿತು. ಬೆಳ್ಳಿಯ ಎಳೆಯಂಥ ಸಿಬಿರು ಸುರುಳಿ ಸುರುಳಿಯಾಗಿ ಇಳಿಯಿತು. ಅಜ್ಜ ಕಣ್ಣಿನಿಂದ ನೋಡುತ್ತಿರಲಿಲ್ಲ, ತಲೆ ವಾಲಿಸಿ ಕಿವಿಯಿಂದ ಕೇಳುತ್ತಿದ್ದರು. ಸದ್ದು ಬದಲಾದ ಕಡೆ ಕೈ ತಾನೇ ನಿಂತಿತು. ಮರ ತೆಗೆದು ಬಳೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನ ಕೈಗೆ ದಾಟಿಸಿದರು. ಎಲೆಯೊಂದು ಬಿದ್ದಷ್ಟೇ ಭಾರ. ಇನ್ನೂ ಬೆಚ್ಚಗಿತ್ತು.

"ಇನ್ನೊಂದು?" ಎಂದರು. ಎರಡು ಎಂಜಿನ್ ಅಲ್ಲವೆ. ಎರಡನೆಯದೂ ಆಯಿತು. ಅದರ ಜೊತೆಗೆ, ಕೇಳದಿದ್ದರೂ, ಬೇರಿಂಗ್ ಕೂರಿಸಿದ ಒಂದು ಪುಟ್ಟ ರಾಟೆಯನ್ನೂ ಮಾಡಿಕೊಟ್ಟರು. "ದಾರ ಎಳಿಯೋದು ಅಂದ್ರಲ್ಲ. ರಾಟಿ ಇಲ್ಲದೆ ದಾರ ಜಗ್ಗಿದರೆ ಜರ್ಕ್ ಬರ್ತೈತಿ."

ಆ ರಾಟೆಯಿಂದಲೇ ಇಳಿಯುವ ದೃಶ್ಯ ಸಾಧ್ಯವಾಯಿತು. ಏಪ್ರಿಲ್ ಮೊದಲ ವಾರ. ಹೊಳೆ ಸೊರಗಿ ಒಂದು ಬದಿಗೆ ಸರಿದು, ನಡುವೆ ಮರಳ ದಿಬ್ಬ ಬೆನ್ನು ತೋರಿಸಿತ್ತು. ಆಚೆ ಹಳೆಯ ಕಲ್ಲಿನ ಸೇತುವೆಯ ಕಮಾನುಗಳು. ಡಕೋಟಾ ನೆಲ ಮುಟ್ಟುವ ವೇಗ ಗಂಟೆಗೆ 110 ಕಿಲೋಮೀಟರ್ ಎಂದು ಹಿಡಿದರೆ, 4.9ರಿಂದ ಭಾಗಿಸಿದಾಗ ಮಾದರಿಗೆ ಬೇಕಾದದ್ದು 22. ಅದು ಜೋರಾಗಿ ತುಳಿದ ಸೈಕಲ್ಲಿನ ವೇಗ! ಎರಡು ಗೂಟದ ನಡುವೆ ಇಳಿಜಾರಾಗಿ ಬಿಗಿದ ಜೋಡಿ ತಂತಿ ರೆಕ್ಕೆಗಳೊಳಗಿನ ಕೊಳವೆಯಲ್ಲಿ ಹಾಯ್ದಿತ್ತು. ಲೈಡೆಕರ್ ಅಣ್ಣತಮ್ಮಂದಿರ ಪದ್ಧತಿ. ವಿಮಾನದ ಮೂಗಿಗೆ ಕಟ್ಟಿದ ದಾರ ರಾಟೆ ಸುತ್ತಿ, ದಡದ ಗಟ್ಟಿ ನೆಲದ ಮೇಲೆ ನಿಂತ ಸೈಕಲ್ಲಿಗೆ ಸೇರಿತ್ತು. ಮರಳಿನ ಕಾಳು ಕೂಡ ಇಲ್ಲಿ ಶತ್ರು. ಅರ್ಧ ಮಿಲಿಮೀಟರಿನ ಕಾಳು ಈ ಲೆಕ್ಕದಲ್ಲಿ ಗೋಲಿಗುಂಡಿನಷ್ಟು. ಅದಕ್ಕೇ ಸೀರೆ ತುಂಡಿನಲ್ಲಿ ಜರಡಿ ಹಿಡಿದ ಮರಳಿಗೆ ರಂಗೋಲಿ ಪುಡಿ ಬೆರೆಸಿ, ಹತ್ತಡಿ ಉದ್ದ ಹಾಸಿದ್ದರು.

ಮೊದಲ ಸಲ ದಾರ ಹರಿಯಿತು. ಎರಡನೇ ಸಲ ರೆಕ್ಕೆಯ ತುದಿ ಮೊದಲು ತಾಗಿ ವಿಮಾನ ಗಿರ್ರನೆ ತಿರುಗಿತು. ಹುಡುಗರು ಮಾತಾಡದೆ ಪುಡಿಯನ್ನು ಮತ್ತೆ ಹಾಸಿದರು, ಜೋಲಿಯಾದ ತಂತಿ ಬಿಗಿದರು. ಮೂರನೇ ಸಲ ಸೈಕಲ್ ಹುಡುಗ ಎದ್ದು ನಿಂತು ತುಳಿದ. ಕಣ್ಣಿಗೆ ಕಂಡದ್ದು ಏನೂ ಇಲ್ಲ. ಸರ್ರ್ ಎಂದು ಏನೋ ಬಂತು, ಪುಡಿ ಎದ್ದಿತು, ಮುಗಿಯಿತು. ಮೊಬೈಲಿನಲ್ಲಿ ಅದೇ ಐದು ಪಟ್ಟು ಹೊತ್ತು ತೆಗೆದುಕೊಂಡು ಬಂತು. ಹೊಟ್ಟೆ ಮರಳು ಸವರಿತು, ಎದ್ದಿತು, ಮತ್ತೆ ಕೂತಿತು. ಎರಡೂ ಬದಿಗೆ ಮರಳಿನ ತೆರೆ ನಿಧಾನವಾಗಿ ಏರಿ, ಒಂದು ಗಳಿಗೆ ನಿಂತು, ಇಳಿಯಿತು. ಬಾಲ ಒಮ್ಮೆ ತೂಗಿ ಸುಮ್ಮನಾಯಿತು.

"ತೂಕ" ಎಂದ ಗಳ ಹಿಡಿಯುವ ಹುಡುಗ. ಬೇರೆ ಯಾರೂ ಏನೂ ಅನ್ನಲಿಲ್ಲ.

ಇನ್ನು ಉಳಿದದ್ದು ಒಂದೇ ಶಾಟ್, ಊರಿನವನೊಬ್ಬ ಬಿದ್ದ ವಿಮಾನದ ಹತ್ತಿರ ಬಂದು ಅದನ್ನು ಮುಟ್ಟುವುದು. ಮಾದರಿ ಮೊಳಕ್ಕಿಂತ ಉದ್ದವೇ ಹೊರತು ಮನುಷ್ಯನ ಮುಂದೆ ಅದು ಬೊಂಬೆ. ಇದಕ್ಕೆ ಮಾದರಿ ಕ್ಯಾಮೆರಾದ ಬಳಿ, ಮನುಷ್ಯ ದೂರ. ಒಂದು ಮೀಟರಿಗೆ ಇಪ್ಪತ್ತನಾಲ್ಕು ಮೀಟರು. ವಿಮಾನವನ್ನು ಲೆನ್ಸಿನಿಂದ ಒಂದು ಮೀಟರ್ ದೂರದಲ್ಲಿ, ಮರಳು ಹರಡಿದ ಹಲಗೆಯ ಮೇಲೆ ಇಟ್ಟರು. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ, ಹಲಗೆ ಲೆನ್ಸಿನಿಂದ ಅದರ ಇಪ್ಪತ್ತನಾಲ್ಕನೇ ಪಾಲು, ಆರು ಸೆಂಟಿಮೀಟರಿನಷ್ಟು ಮಾತ್ರ ಕೆಳಗಿರಬೇಕು. ಆಗ ಹಲಗೆಯ ಮರಳೂ ಹೊಳೆಯ ಮರಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಬೈಲಿನ ಅಗಲ ನೋಟದ ಲೆನ್ಸಿಗೆ ಹತ್ತಿರದ್ದೂ ದೂರದ್ದೂ ಒಂದೇ ಸಮ ಸ್ಪಷ್ಟ. ಎರಡಕ್ಕೂ ಬೀಳುವುದು ಒಂದೇ ಸೂರ್ಯನ ಬಿಸಿಲು, ನೆರಳು ಒಂದೇ ಕಡೆಗೆ. ಪ್ರೊಪೆಲ್ಲರ್ ಎಲೆಗಳನ್ನು ಕೂಲ್‌ಡ್ರಿಂಕ್ ಡಬ್ಬಿಯ ತಗಡಿನಲ್ಲಿ ಕತ್ತರಿಸಿ ತುದಿ ಹಿಂದಕ್ಕೆ ಬಗ್ಗಿಸಿದ್ದರು. ತಿರುಗುತ್ತಲೇ ನೆಲಕ್ಕೆ ತಾಗಿದ ಎಲೆ ಹಾಗೆ ಬಾಗುತ್ತದೆ.

ಮುಟ್ಟುವವರು ಲೇತ್ ಅಜ್ಜ. ಬಿಳಿ ಪಂಚೆ, ತಲೆಗೆ ಟವೆಲ್. ಬೇಡ ಬೇಡ ಎನ್ನುತ್ತಲೇ ಒಪ್ಪಿದ್ದರು. ಟೇಪು ಹಿಡಿದು ಇಪ್ಪತ್ತನಾಲ್ಕು ಮೀಟರ್ ಅಳೆದು, ಅಲ್ಲಿ ಒಂದು ಬೆಣಚುಕಲ್ಲು ಇಟ್ಟು ಅವರನ್ನು ನಿಲ್ಲಿಸಿದರು. ಅವರ ಸುತ್ತ ಏನೂ ಇಲ್ಲ, ಬರೀ ಮರಳು. ಸೇತುವೆಯ ಮೇಲೆ ನಾಲ್ಕಾರು ಜನ ಬೈಕು ನಿಲ್ಲಿಸಿ ನೋಡುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ಸೆಣೆಯುವುದು ಬಿಟ್ಟು ಎದ್ದು ನಿಂತಳು. ಅಲ್ಲಿಂದ ಕಾಣುವುದು ಬಯಲಲ್ಲಿ ಒಬ್ಬ ಮುದುಕ ಗಾಳಿಗೆ ಕೈ ಚಾಚಿ ನಿಂತದ್ದು ಅಷ್ಟೇ.

"ಅಜ್ಜಾ, ಕೈ ಸ್ವಲ್ಪ ಮ್ಯಾಲೆ!" ಅವಳು ಕೂಗಿದಳು.

ಅಜ್ಜ ಎತ್ತಿದರು.

"ಜಾಸ್ತಿ ಆತು. ಒಂದು ಬೆರಳು ಕೆಳಗೆ!"

ಕೈ ಕೂದಲೆಳೆಯಷ್ಟು ಇಳಿದು ನಿಂತಿತು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಪರದೆಯಲ್ಲಿ ಡಕೋಟಾ ಹೊಳೆಯ ಮರಳಲ್ಲಿ ಹೊಟ್ಟೆ ಊರಿ ಮಲಗಿತ್ತು, ಎಣ್ಣೆಯ ಗುರುತು ರೆಕ್ಕೆಯ ಉದ್ದಕ್ಕೂ ಹರಿದಿತ್ತು. ಅಜ್ಜ ತಾವೇ ತಿರುವಿದ ಎಂಜಿನ್ ಕವಚದ ಅಂಚಿನ ಮೇಲೆ ಅಂಗೈ ಇಟ್ಟು ನಿಂತಿದ್ದರು, ಕವಚ ಅವರ ಎದೆಯ ಎತ್ತರಕ್ಕಿತ್ತು. ಬಿಸಿಯಾದ ಲೋಹ ಮುಟ್ಟಿದವರ ಹಾಗೆ ಬೆರಳುಗಳನ್ನು ಒಮ್ಮೆ ಎತ್ತಿ ಮತ್ತೆ ಇಟ್ಟರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದೂರದಿಂದ, ಕೈ ಇಳಿಸದೆಯೇ ಅವರು ಕೇಳಿದರು: "ತಾಗ್ತೇನವ್ವಾ?"

"ತಾಗೇತಜ್ಜಾ" ಎಂದಳು.